ಕತ್ತಿಯ ತುದಿಯಿಂದ ಶುರು ಮಾಡಿ

ನಮಸ್ಕಾರ.

ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ವಾರ್‌ಗೇಮ್‌ನ ನಿಯಮಗಳ ಬಗ್ಗೆ ನೀವು ಕಳಿಸಿದ ಹಾಸ್ಯ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಳ್ಳೆಯ ಬರಹವೊಂದು ಅಡಗಿದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟದಲ್ಲಿ ಆಟಗಾರರ ಬಗೆಗಳನ್ನು ಪಟ್ಟಿ ಮಾಡಿದ್ದೀರಿ. ರೂಲ್‌ಬುಕ್ ಬಾಯಿಪಾಠ ಮಾಡಿದವನು, ಬಣ್ಣ ಬಳಿಯುವುದರಲ್ಲೇ ವರ್ಷ ಕಳೆಯುವವನು, ಸೋತಾಗೆಲ್ಲ ದಾಳವನ್ನು ಬೈಯುವವನು. ಆಡುವವರಿಗೆ ಇವರು ಹಳಬರು. ಆಡದವರಿಗೆ ಒಬ್ಬನೂ ಕಣ್ಣಿಗೆ ಕಟ್ಟುವುದಿಲ್ಲ. ಎರಡೂ ಪುಟ ತೆಗೆದುಬಿಡಿ.

ಮೂರನೇ ಪುಟಕ್ಕೆ ಬಂದಾಗ ಜೋರಾಗಿ ನಕ್ಕೆ. ಇಬ್ಬರು ದೊಡ್ಡವರು ಮಂಡಿಯೂರಿ, ಮೇಜಿನ ಅಂಚಿಗೆ ಗದ್ದ ಆನಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಗೋಡೆಯ ಹಿಂದಿನ 28 ಮಿಲಿಮೀಟರ್ ಸೈನಿಕ ಕಾಣಿಸುತ್ತಾನೋ ಇಲ್ಲವೋ? "ಕತ್ತಿ ತುದಿ ಕಾಣ್ತಿದೆ, ಗುಂಡು ಹೊಡೀಬಹುದು" ಅಂತ ಒಬ್ಬ. "ಕತ್ತಿ ಅಂದ್ರೆ ಮೈ ಅಲ್ಲ" ಅಂತ ಇನ್ನೊಬ್ಬ. ಮುಂದಿನ ಸರದಿಯಲ್ಲಿ ಇಬ್ಬರ ವಾದವೂ ಅದಲುಬದಲು! ಎಷ್ಟು ಚೆನ್ನಾಗಿದೆ. ಅದನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ, "ಎಂಥ ತಮಾಷೆ ಅಲ್ವಾ?" ಎಂದು ನೀವೇ ಕೇಳಿಬಿಟ್ಟಿದ್ದೀರಿ. ಆ ಪ್ರಶ್ನೆ ಬೇಡ. ಅವರಿಬ್ಬರಿಗೂ ಅದು ತಮಾಷೆಯಲ್ಲ, ಜೀವ ಹೋಗುವ ವಿಷಯ. ನಮಗೆ ನಗು ಬರುವುದೇ ಅದರಿಂದ. ನೀವೂ ಆಡುವವರೇ ತಾನೇ, ಹಾಗಿದ್ದ ಮೇಲೆ ದೂರ ನಿಂತು ಗೇಲಿ ಮಾಡುವುದೇಕೆ? ಮೇಜಿಗೆ ಆನಿಸಿದ ಗದ್ದಗಳಲ್ಲಿ ಒಂದು ನಿಮ್ಮದೇ ಆಗಲಿ.

ದಾಳ ಪುಸ್ತಕಕ್ಕೆ ಒರಗಿ ಓರೆಯಾಗಿ ನಿಂತ ಪ್ರಸಂಗ ನನಗೆ ಮೊದಲ ಓದಿಗೆ ಅರ್ಥವಾಗಲಿಲ್ಲ. ಓರೆಯಾಗಿ ನಿಂತ ದಾಳವನ್ನು ಮತ್ತೆ ಉರುಳಿಸಬೇಕು ಎಂಬ ನಿಯಮವನ್ನು ಒಂದೇ ಸಾಲಿನಲ್ಲಿ ಮೊದಲೇ ಹೇಳಿಬಿಡಿ. ಆಮೇಲೆ ಆರು ಬಿದ್ದಾಗ ಮಟ್ಟಸವಾಗಿ ಕಂಡ ದಾಳ, ಒಂದು ಬಿದ್ದಾಗ ಓರೆಯಾಗಿ ಕಂಡಿದ್ದನ್ನು ಬರೆಯಿರಿ. ನಿಯಮವನ್ನು ನಗುವಿನ ನಂತರ ವಿವರಿಸಿದರೆ ನಗು ಸತ್ತೇ ಹೋಗುತ್ತದೆ.

ಒಂದು ತಪ್ಪೂ ಇದೆ. "ಹಿಂದೆ ಆಟ ಸರಳವಾಗಿತ್ತು, ಈಗಷ್ಟೇ ನಿಯಮ ಜಾಸ್ತಿಯಾಗಿದೆ" ಎಂದಿದ್ದೀರಿ. ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯದ ಸೇನೆಗಾಗಿ ಅಲ್ಲಿನ ಅಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಹೊರತಂದ ಯುದ್ಧದಾಟದಲ್ಲೇ ದಾಳ, ಕೋಷ್ಟಕ, ಲೆಕ್ಕ ಎಲ್ಲ ಇತ್ತು. ಆ ಬಗೆಯ ನಿಯಮಗಳ ಹೊರೆ ಸಾಕಾಗಿ 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಸೇನಾಧಿಕಾರಿ, ದಾಳ ಕೋಷ್ಟಕ ಬದಿಗಿಟ್ಟು ಅನುಭವಿ ತೀರ್ಪುಗಾರನ ಮಾತಿನ ಮೇಲೆ ಆಡೋಣ ಎಂದರು. ನಿಮ್ಮ ಗೆಳೆಯರ ಜಗಳಕ್ಕೆ ಇಷ್ಟು ದೊಡ್ಡ ವಂಶವಿದೆ. ಬಳಸಿಕೊಳ್ಳಿ.

ತಿದ್ದಿ ಕಳಿಸಿದರೆ ನಾನೇ ಓದುತ್ತೇನೆ. ವಾದ ಬಗೆಹರಿಯದಿದ್ದರೆ ದಾಳ ಉರುಳಿಸಿ ತೀರ್ಮಾನಿಸಿ ಎಂದು ಎಷ್ಟೋ ರೂಲ್‌ಬುಕ್‌ಗಳಲ್ಲೇ ಬರೆದಿರುತ್ತದೆ. ಇವರೂ ಹಾಗೇ ಮಾಡಿದರಾ? ಗೋಡೆಯ ಹಿಂದಿನ ಆ ಸೈನಿಕ ಕೊನೆಗೆ ಸತ್ತನೋ, ಬದುಕಿದನೋ? ನೀವು ಹೇಳಲೇ ಇಲ್ಲ.

ಇತಿ,
ಸಂಪಾದಕ