ಕೀ ತಿರುಗಿಸಿದರೆ ‘ಟಕ್’ ಎನ್ನುತ್ತದೆ, ಎಂಜಿನ್ ಅಲುಗುವುದಿಲ್ಲ: ರೈಡಿಂಗ್ ಮೋವರ್‌ಗೆ ಹೊಸ ಬ್ಯಾಟರಿ ತರಲೇ?

ಒಹಾಯೊದಲ್ಲಿ ಒಂದೆಕರೆ ಹುಲ್ಲಿನ ಅಂಗಳವಿರುವ ಮನೆ, ಚಳಿಗಾಲವೆಲ್ಲ ಶೆಡ್ಡಿನಲ್ಲಿ ನಿಂತಿದ್ದ, ಮೇಲೆ ಕುಳಿತು ಹುಲ್ಲು ಕತ್ತರಿಸುವ ಮೋವರ್, ಏಪ್ರಿಲ್‌ನಲ್ಲಿ ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’. ಹೊಸ ಬ್ಯಾಟರಿ ತರಲೇ ಎಂದು ಕೇಳಿದ್ದೀರಿ. ಈಗಲೇ ತರಬೇಡಿ. ನಾನು ಪಕ್ಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ವಸಂತ ಬಂತೆಂದರೆ ನಮ್ಮ ಬೀದಿಯವರ ಮೋವರ್‌ಗಳನ್ನು ನೋಡಿಕೊಡುವುದು ನನಗೆ ಇಷ್ಟದ ಕೆಲಸ. ಬ್ಯಾಟರಿ ಬದಲಿಸಿದ ಮೇಲೂ ಅದೇ ‘ಟಕ್’ ಕೇಳಿ ಕೈಚೆಲ್ಲಿ ಕುಳಿತವರು ಪ್ರತಿ ವರ್ಷವೂ ಸಿಗುತ್ತಾರೆ. ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ 12 ವೋಲ್ಟ್ ಎಲ್ಲಿಯವರೆಗೆ ಬಂದು ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ನೀವೇ ಕಂಡುಹಿಡಿಯಬಹುದು.

ಆ ಶಬ್ದ ಅರ್ಧ ಉತ್ತರವನ್ನು ಆಗಲೇ ಕೊಟ್ಟಿದೆ. ಮೋವರ್‌ನಲ್ಲಿ ವಿದ್ಯುತ್ತಿಗೆ ಎರಡು ದಾರಿಗಳಿವೆ. ಮೊದಲನೆಯದು ಸಣ್ಣದು: ಬ್ಯಾಟರಿಯಿಂದ ಹೊರಟು ಫ್ಯೂಸ್, ಕೀ, ಬ್ರೇಕ್ ಪೆಡಲಿನ ಸ್ವಿಚ್, ಬ್ಲೇಡಿನ ಸ್ವಿಚ್ ಇವನ್ನೆಲ್ಲ ದಾಟಿ ಸೊಲೆನಾಯ್ಡ್ ಎಂಬ ಪುಟ್ಟ ಡಬ್ಬಿಯ ಸುರುಳಿಯನ್ನು ತಲುಪುತ್ತದೆ. ಸುರುಳಿ ಎಳೆದಾಗ ಒಳಗಿನ ಬಿಲ್ಲೆಯೊಂದು ಬಡಿದು ಎರಡು ದಪ್ಪ ಬೋಲ್ಟುಗಳನ್ನು ಕೂಡಿಸುತ್ತದೆ. ‘ಟಕ್’ ಎನ್ನುವುದು ಅದೇ ಬಡಿತ. ಎರಡನೆಯದು ದಪ್ಪ ಕೇಬಲ್ಲಿನ ದಾರಿ: ಬ್ಯಾಟರಿಯಿಂದ ಆ ಬೋಲ್ಟುಗಳ ಮೂಲಕ ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರ್‌ಗೆ, ಅಲ್ಲಿಂದ ಎಂಜಿನ್ ಮತ್ತು ಚಾಸಿ (ಮೋವರ್‌ನ ಲೋಹದ ಚೌಕಟ್ಟು) ಮೂಲಕ ಬ್ಯಾಟರಿಯ ಮೈನಸ್‌ಗೆ. ಗಟ್ಟಿಯಾಗಿ ‘ಟಕ್’ ಎಂದಿದೆ ಎಂದರೆ ಮೊದಲ ದಾರಿ ಸರಿಯಾಗಿದೆ. ಫ್ಯೂಸ್, ಕೀ, ಸೇಫ್ಟಿ ಸ್ವಿಚ್‌ಗಳನ್ನು ಬಿಚ್ಚುವ ಶ್ರಮ ನಿಮಗೆ ಬೇಡ, ತಪ್ಪು ದಪ್ಪ ದಾರಿಯಲ್ಲಿದೆ.

ಒಂದೇ ಟಕ್ ಬದಲು ‘ಟಕಟಕಟಕ’ ಎಂದು ಬಡಿದುಕೊಂಡಿದ್ದರೆ ನಾನು ಬ್ಯಾಟರಿ ಅಥವಾ ಅದರ ಟರ್ಮಿನಲ್ ಎಂದು ತಕ್ಷಣ ಹೇಳುತ್ತಿದ್ದೆ. ನಿಮ್ಮದು ಹಾಗಲ್ಲ.

ಮುಟ್ಟುವ ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಲೇಡಿನ ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಳಚಿ ದೂರ ಕಟ್ಟಿಡಿ. ಬ್ಯಾಟರಿಯ ಹೊಟ್ಟೆ ಉಬ್ಬಿದೆಯೇ ನೋಡಿ. ಚಾರ್ಜ್ ಇಳಿದ ಬ್ಯಾಟರಿಯೊಳಗಿನ ದ್ರವದಲ್ಲಿ ನೀರಿನ ಪಾಲೇ ಹೆಚ್ಚು, ಒಹಾಯೊದ ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಡಬ್ಬಿಯನ್ನು ಒಡೆಯಬಲ್ಲದು. ಉಬ್ಬಿದ ಬ್ಯಾಟರಿಯನ್ನು ಚಾರ್ಜರಿಗೆ ಹಾಕಲೇಬೇಡಿ.

ಈಗ ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ, ಕೇಬಲ್ಲಿನ ಉಂಗುರಕ್ಕಲ್ಲ. ಈ ಸಣ್ಣ ವ್ಯತ್ಯಾಸ ಮುಂದೆ ಬೇಕಾಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. 12ರ ಹತ್ತಿರ ಇದ್ದರೆ ಬಹುತೇಕ ಖಾಲಿ. ಆಗ ನಿಧಾನವಾಗಿ, ರಾತ್ರಿಯಿಡೀ ಚಾರ್ಜ್ ಮಾಡಿ, ಆಮೇಲೆ ಮುಂದುವರಿಯಿರಿ. ಮನೆಯವರೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ತುಳಿದು ಕೀಯನ್ನು ಎರಡು ಮೂರು ಸೆಕೆಂಡ್ ಸ್ಟಾರ್ಟ್‌ನಲ್ಲಿ ಹಿಡಿಯಲು ಹೇಳಿ, ಅಂಕಿಯನ್ನೇ ನೋಡುತ್ತಿರಿ. ಇಡೀ ಪರೀಕ್ಷೆಯ ಜೀವಾಳ ಈ ಕ್ಷಣ.

ಅಂಕಿ 9ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಶಕ್ತಿ ಹೋಗಿದೆ. ಚಾರ್ಜ್ ಆದ ಮೇಲೂ ಕುಸಿದರೆ ಆಗ ಹೊಸದು ತನ್ನಿ. ಹೆಚ್ಚಿನ ರೈಡಿಂಗ್ ಮೋವರ್‌ಗಳಿಗೆ ಯು1 ಅಳತೆಯದು ಹೊಂದುತ್ತದೆ, ಪ್ಲಸ್ ಯಾವ ಬದಿಗಿದೆ ಎಂದು ಮಾತ್ರ ನೋಡಿಕೊಳ್ಳಿ. ಅಂಕಿ 12.5ರಲ್ಲೇ ಅಲುಗದೆ ನಿಂತರೆ ದಪ್ಪ ದಾರಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇಲ್ಲ, ಎಲ್ಲೋ ಕಡಿದಿದೆ. 11ರ ಆಸುಪಾಸಿಗೆ ಇಳಿದು ನಿಂತು, ಎಂಜಿನ್ ಮಾತ್ರ ತಿರುಗದಿದ್ದರೆ ವಿದ್ಯುತ್ತು ಮೋಟರನ್ನು ತಲುಪುತ್ತಿದೆ, ಮೋಟರಿಗೇ ತಿರುಗಲು ಆಗುತ್ತಿಲ್ಲ.

ಕಡಿದಿದೆ ಎಂದಾದರೆ ಮೊದಲು ಸೊಲೆನಾಯ್ಡ್. ಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ದಪ್ಪ ಬೋಲ್ಟುಗಳಿಗೆ ಹಿಡಿದು ಕೀ ತಿರುಗಿಸಿ. ಟಕ್ ಎಂದ ಮೇಲೂ 12 ವೋಲ್ಟ್ ಹಾಗೆಯೇ ಇದ್ದರೆ ಒಳಗಿನ ಬಿಲ್ಲೆ ಸುಟ್ಟಿದೆ, ಕೂಡುತ್ತಿಲ್ಲ. ಸೊಲೆನಾಯ್ಡ್ ಬದಲಿಸಿ, ದುಬಾರಿಯಲ್ಲ. ಟಕ್ ಎಂದೊಡನೆ ಸೊನ್ನೆಯ ಹತ್ತಿರ ಬಂದರೆ ಅದು ನಿರಪರಾಧಿ. ಕೇಬಲ್ಲು ಮತ್ತು ಅರ್ಥ್ (ಮೈನಸ್ ಕೇಬಲ್ಲು ಚಾಸಿಗೆ ಸೇರುವ ಜೋಡಣೆ) ಕಡೆ ನಡೆಯಿರಿ.

ಅರ್ಥ್ ಜೋಡಣೆಯನ್ನು ಯಾರೂ ಗಮನಿಸುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಮೈನಸ್ ಕೇಬಲ್ಲು ಸೀಟಿನ ಕೆಳಗೋ ಬ್ಯಾಟರಿ ತಟ್ಟೆಯ ಪಕ್ಕದಲ್ಲೋ ಒಂದೇ ಬೋಲ್ಟಿನಿಂದ ಚಾಸಿಗೆ ಸೇರಿರುತ್ತದೆ. ಹಸಿ ಹುಲ್ಲಿನ ತೇವ, ಗೊಬ್ಬರದ ಪುಡಿ ಎಲ್ಲವೂ ಅಲ್ಲಿಗೆ ಸೇರುತ್ತವೆ. ಹೊರಗಿನಿಂದ ಬೋಲ್ಟು ಬಿಗಿಯಾಗಿಯೇ ಕಾಣುತ್ತದೆ. ಬಿಚ್ಚಿದರೆ ಉಂಗುರದ ಅಡಿಯಲ್ಲಿ ಕಂದು ತುಕ್ಕು, ಅಂಚಿನಲ್ಲಿ ಹಸಿರು ಪುಡಿ, ಕೆಲವೊಮ್ಮೆ ಪ್ಲಾಸ್ಟಿಕ್ಕಿನೊಳಗೆ ಬೆರಳುದ್ದದವರೆಗೂ ಕಪ್ಪಾದ ತಾಮ್ರದ ಎಳೆಗಳು. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಒತ್ತಿ ಕೀ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಪ್ಲಸ್ ಬದಿಯಲ್ಲೂ ಹೀಗೆಯೇ, ಕಂಬದಿಂದ ಉಂಗುರಕ್ಕೆ, ಉಂಗುರದಿಂದ ಸೊಲೆನಾಯ್ಡಿಗೆ, ಅಲ್ಲಿಂದ ಮೋಟರಿಗೆ ಅಳೆಯುತ್ತ ಹೋಗಿ. ತಪ್ಪು ಸಿಕ್ಕಿದ ಮೇಲೆ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಆ ಜಾಗವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಕೂಡಿಸಿ, ಮೇಲೆ ವ್ಯಾಸಲೀನ್ ಸವರಿ. ಕೂಡಿಸುವಾಗ ಮೈನಸ್ ಕೊನೆಗೆ.

ಮೋಟರಿಗೆ ವಿದ್ಯುತ್ತು ಬರುತ್ತಿದ್ದೂ ತಿರುಗದಿದ್ದರೆ ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ಕಾರ್ಬುರೇಟರ್ ಸೋರಿ ಸಿಲಿಂಡರಿನೊಳಗೆ ಪೆಟ್ರೋಲ್ ತುಂಬಿದ್ದರೆ ಅದು ಪ್ಲಗ್ಗಿನ ರಂಧ್ರದಿಂದ ಚಿಮ್ಮುತ್ತದೆ. ಕಿಡಿ ಹತ್ತಿರವಿರಬಾರದು, ಎಂಜಿನ್ ಆಯಿಲನ್ನೂ ಬದಲಿಸಬೇಕು. ಇನ್ನೊಂದು, ಬ್ಯಾಟರಿಯ ತಪ್ಪೆಂದೇ ಎಲ್ಲರೂ ತಿಳಿಯುವಂಥದ್ದು: ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ. ಸ್ಟಾರ್ಟ್ ಆಗುವಾಗ ಸಿಲಿಂಡರಿನ ಒತ್ತಡ ತಗ್ಗಿಸಲು ಕ್ಯಾಮ್ ಶಾಫ್ಟಿನ ಮೇಲಿನ ಒಂದು ಏರ್ಪಾಡು ವಾಲ್ವನ್ನು ಕೂದಲೆಳೆಯಷ್ಟು ತೆರೆದಿಡುತ್ತದೆ. ಟ್ಯಾಪೆಟ್ ಸಂದು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ, ಹೆಚ್ಚಾದರೆ ಆ ಏರ್ಪಾಡು ವಾಲ್ವನ್ನು ಮುಟ್ಟುವುದೇ ಇಲ್ಲ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಇಂಟೆಕ್ ಒಂದು ಸಿಲಿಂಡರಿನ ಎಂಜಿನ್‌ಗಳಲ್ಲಿ ಇನ್‌ಟೇಕ್ ಸಂದು 0.003ರಿಂದ 0.005 ಇಂಚು, ಎಕ್ಸಾಸ್ಟ್ 0.005ರಿಂದ 0.007 ಇಂಚು ಇರಬೇಕು. ನಿಮ್ಮ ಎಂಜಿನ್ ಬೇರೆಯಾದರೆ ಅದರ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ. ಸಂದು ಅಳೆಯುವ ತೆಳು ಲೋಹದ ಪಟ್ಟಿ, ಅಂದರೆ ಫೀಲರ್ ಗೇಜ್, ಹಾಕಿ ಸರಿಪಡಿಸಿದರೆ ಹಳೆಯ ಬ್ಯಾಟರಿಯಲ್ಲೇ ಎಂಜಿನ್ ಸರಾಗವಾಗಿ ತಿರುಗುತ್ತದೆ.

ಸೊಲೆನಾಯ್ಡಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವುದನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಮಾಡಬೇಡಿ. ಬ್ರೇಕ್ ಮತ್ತು ಬ್ಲೇಡಿನ ಸ್ವಿಚ್‌ಗಳೆರಡನ್ನೂ ಅದು ಬದಿಗೆ ತಳ್ಳುತ್ತದೆ. ಗೇರಿನಲ್ಲಿದ್ದ ಮೋವರ್ ಪಕ್ಕದಲ್ಲಿ ನಿಂತವರ ಮೇಲೆಯೇ ಹರಿಯಬಹುದು. ಎಂಜಿನ್ ಚಾಲೂ ಇರುವ ಕಾರಿನ ಬ್ಯಾಟರಿಯಿಂದ ಕೇಬಲ್ಲು ಎಳೆದು ಜಂಪ್ ಸ್ಟಾರ್ಟ್ ಮಾಡುವುದೂ ಬೇಡ.

ಸ್ಪಾರ್ಕ್ ಪ್ಲಗ್ಗಿನ ವೈರನ್ನು ಮತ್ತೆ ಕೂಡಿಸಿ, ಎಂಜಿನ್ ಶುರುವಾದ ಮೇಲೆ ವೇಗ ಏರಿಸಿ ಬ್ಯಾಟರಿಯನ್ನು ಮತ್ತೊಮ್ಮೆ ಅಳೆಯಿರಿ. 13.5ರಿಂದ 14.5 ವೋಲ್ಟ್ ಇದ್ದರೆ ಚಾರ್ಜಿಂಗ್ ಸರಿಯಾಗಿದೆ. 12.5ರಲ್ಲೇ ಉಳಿದರೆ ಫ್ಲೈವೀಲಿನ ಕೆಳಗೆ ವಿದ್ಯುತ್ತು ಹುಟ್ಟಿಸುವ ಸ್ಟೇಟರ್ ಅಥವಾ ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು, ಇಲ್ಲವೇ ಅಲ್ಲಿಗೆ ಹೋಗುವ ವೈರನ್ನು ಶೆಡ್ಡಿನ ಇಲಿ ಕಡಿದಿರಬಹುದು. ಕೀ ತಿರುಗಿಸಿದಾಗ ಬಂದ ಅಂಕಿಯನ್ನೂ ಎಂಜಿನ್ನಿನ ಮಾದರಿ ಸಂಖ್ಯೆಯನ್ನೂ ಇಲ್ಲಿ ಬರೆದರೆ ಮುಂದಿನದನ್ನು ಒಟ್ಟಿಗೆ ನೋಡೋಣ.