ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಬಾಗುವ ಸಾಧನ, ಬಾಗು ಅಳೆಯುವ ಸೆನ್ಸರ್ ಮಾಡಬಹುದೇ?

ಸೆನ್ಸರ್ ಖಂಡಿತ ಮಾಡಬಹುದು. ತಾನೇ ಬಾಗುವ ಆಕ್ಚುಯೇಟರ್‌ಗೆ ಬರೀ ಮುದ್ರಣ ಸಾಲದು. 2002ರಲ್ಲೇ ಎಂಐಟಿಯವರು ಲೋಹದ ನ್ಯಾನೋಕಣಗಳ ಶಾಯಿಯಿಂದ ಚಲಿಸುವ ಸೂಕ್ಷ್ಮ ಸಾಧನಗಳನ್ನು ಮುದ್ರಿಸಿದ್ದರು, ಆದರೆ ಆ ಶಾಯಿಯನ್ನು ಸುಮಾರು 300 ಡಿಗ್ರಿಯಲ್ಲಿ ಕಾಯಿಸಬೇಕಿತ್ತು.

ಮನೆಯಲ್ಲಿ ಸೆನ್ಸರ್ ಮಾಡಲು ಪೀಜೋ ಹೆಡ್ (ವಿದ್ಯುತ್ ಕೊಟ್ಟರೆ ಆಕಾರ ಬದಲಿಸುವ ವಸ್ತುವಿನಿಂದ ಶಾಯಿ ತಳ್ಳುವಂಥದ್ದು) ಇರುವ ಪ್ರಿಂಟರ್ ಕೊಳ್ಳಿ, ಎಪ್ಸನ್ ಆಗಬಹುದು. ಶಾಯಿಯನ್ನು ಕುದಿಸಿ ಚಿಮ್ಮಿಸುವ ಥರ್ಮಲ್ ಹೆಡ್ ಬೇಡ. ಕೋಣೆಯ ತಾಪದಲ್ಲೇ ಗಟ್ಟಿಯಾಗುವ ಬೆಳ್ಳಿ ಶಾಯಿಯನ್ನು ಹೊಸ ಖಾಲಿ ಕಾರ್ಟ್ರಿಜ್‌ಗೆ ತುಂಬಿ, ಆ ಶಾಯಿಗೆಂದೇ ಲೇಪನ ಮಾಡಿದ ಪಿಇಟಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ. ಲೇಪನವಿಲ್ಲದ ಹಾಳೆಯಲ್ಲಿ ಶಾಯಿ ಮಣಿಮಣಿಯಾಗಿ ಕೂರುತ್ತದೆ, ಗೆರೆ ತುಂಡಾಗುತ್ತದೆ. ವಾರಗಟ್ಟಲೆ ಬಳಸದೆ ಬಿಟ್ಟರೆ ನಾಜಲ್ ಕಟ್ಟಿಕೊಳ್ಳುವುದು ನಿಶ್ಚಿತ.

ಸೆನ್ಸರ್ ಎಂದರೆ ಹಾವಿನಂತೆ ಮಡಚಿದ ತೆಳು ಗೆರೆ. ಹಾಳೆ 0.1 ಶೇಕಡಾ ಹಿಗ್ಗಿದರೆ ಗೆರೆಯ ವಿದ್ಯುತ್ ರೋಧ ಸುಮಾರು 0.2 ಶೇಕಡಾ ಏರುತ್ತದೆ. ಬೆಳ್ಳಿಯ ರೋಧವಾದರೋ ಒಂದು ಡಿಗ್ರಿ ಬಿಸಿಗೇ 0.38 ಶೇಕಡಾದಷ್ಟು ಏರಬಲ್ಲದು. ಅಂದರೆ ಅರ್ಧ ಡಿಗ್ರಿ ಏರುಪೇರಾದರೂ ಸಾಧನ ಬಾಗಿದಂತೆಯೇ ತೋರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಅದಕ್ಕೆ ಅದೇ ಹಾಳೆಯಲ್ಲಿ ಬಾಗದ ಕಡೆ ಇನ್ನೊಂದು ಅಂಥದ್ದೇ ಗೆರೆ ಮುದ್ರಿಸಿ, ಎರಡನ್ನೂ ವೀಟ್‌ಸ್ಟನ್ ಬ್ರಿಜ್‌ನ (ನಾಲ್ಕು ರೋಧಗಳನ್ನು ಹೋಲಿಸಿ ಸಣ್ಣ ವ್ಯತ್ಯಾಸ ಅಳೆಯುವ ಸರ್ಕಿಟ್) ಅಕ್ಕಪಕ್ಕದ ತೋಳುಗಳಲ್ಲಿ ಹಾಕಿ. ಆಗ ಎರಡಕ್ಕೂ ತಟ್ಟುವ ಬಿಸಿಯ ಪರಿಣಾಮ ರದ್ದಾಗಿ ಬಾಗಿದ್ದಷ್ಟೇ ಕಾಣುತ್ತದೆ. ಬೆಸುಗೆ ಹಾಕಲು ಹೋಗಬೇಡಿ: ತೆಳು ಬೆಳ್ಳಿ ಕರಗಿದ ಬೆಸುಗೆ ಲೋಹದೊಳಗೆ ಕರಗಿಹೋಗುತ್ತದೆ, ಪಿಇಟಿ ಸುರುಟುತ್ತದೆ. ತಂತಿಗೆ ಬೆಳ್ಳಿ ಎಪಾಕ್ಸಿಯೋ ವಿದ್ಯುತ್ ಹರಿಸುವ ಟೇಪೋ ಸಾಕು.

ಆಕ್ಚುಯೇಟರ್‌ಗೆ ಪ್ರಯೋಗಾಲಯದ ಪ್ರಿಂಟರ್ ಮತ್ತು ಓವನ್ ಬೇಕು. 10 ಪಿಕೋಲೀಟರ್ ಹನಿ ಹಾಳೆಯ ಮೇಲೆ 50 ಮೈಕ್ರಾನ್ ಹರಡಿದರೆ, ಹನಿಗಳ ನಡುವಿನ ಅಂತರವನ್ನು 25 ಮೈಕ್ರಾನ್ ಆಸುಪಾಸಿನಲ್ಲಿಡಿ. ತೀರಾ ಹತ್ತಿರವಾದರೆ ಗೆರೆ ಅಲ್ಲಲ್ಲಿ ಉಬ್ಬುತ್ತದೆ, ದೂರವಾದರೆ ಕಡಿಯುತ್ತದೆ. ಒಣಗುವಾಗ ಕಣಗಳು ಅಂಚಿಗೆ ಸರಿದು, ಕಾಫಿ ಚೆಲ್ಲಿದ ಕಲೆಯಂತೆ ನಡು ತೆಳುವಾದರೆ ಹಾಳೆಯ ಅಡಿಯ ಹಾಸಿನ ಬಿಸಿ ಕಡಿಮೆ ಮಾಡಿ ನೋಡಿ.

50 ಮೈಕ್ರಾನ್ ದಪ್ಪದ ಪಾಲಿಇಮೈಡ್ (ಬಿಸಿ ತಾಳುವ ಪ್ಲಾಸ್ಟಿಕ್) ಹಾಳೆಯ ಮೇಲೆ ಯು ಆಕಾರದಲ್ಲಿ 1 ಮಿಮೀ ಅಗಲ, ಒಟ್ಟು 40 ಮಿಮೀ ಉದ್ದದ, ವಿದ್ಯುತ್ ಹರಿದಾಗ ಬಿಸಿಯಾಗುವ ಬೆಳ್ಳಿ ಗೆರೆಯ ಹೀಟರ್ ಮುದ್ರಿಸಿ, ಶಾಯಿಗೆ ತಕ್ಕಂತೆ 130–150 ಡಿಗ್ರಿಯಲ್ಲಿ ಕಾಯಿಸಿ. ಅಷ್ಟಕ್ಕೇ ನಿಲ್ಲಿಸಿದರೆ ಅದು ಬಾಗುವುದೇ ಇಲ್ಲ! ಪಾಲಿಇಮೈಡ್ ಡಿಗ್ರಿಗೆ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಹಿಗ್ಗಿದರೆ ಬೆಳ್ಳಿಯೂ ಹೆಚ್ಚೂಕಡಿಮೆ ಅಷ್ಟೇ, 19 ಹಿಗ್ಗುತ್ತದೆ. ಮೇಲೊಂದು ಪಾಲಿಪ್ರೊಪಿಲೀನ್ ಟೇಪ್ ಅಂಟಿಸಿ. ಅದರ ಹಿಗ್ಗುವಿಕೆ 100 ಪಿಪಿಎಂಗೂ ಮಿಕ್ಕಿದ್ದು, ಹಾಗಾಗಿ ಪಟ್ಟಿ ಟೇಪಿನ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಹೀಟರಿನ ರೋಧ 8 ಓಮ್ ಬಂದರೆ 0.5 ವೋಲ್ಟ್‌ನಿಂದ ಶುರುಮಾಡಿ, ನಿಧಾನವಾಗಿ 1.5ರವರೆಗೆ ಏರಿಸಿ. ಟೇಪಿನ ಅಂಟು ಜಾರತೊಡಗಿದರೆ ಅಲ್ಲಿಗೇ ನಿಲ್ಲಿಸಿ.