ಫ್ರಾಂಕ್ ಗೋರ್ ಅವರ ಅರ್ಹತೆಯ ಕುರಿತು

ಒಂದು ಋತುವಿನಲ್ಲಿಯೂ ಚೆಂಡು ಹಿಡಿದು ಅತಿ ಹೆಚ್ಚು ಗಜ ಓಡಿದವರೆನಿಸದ ಅಮೆರಿಕನ್ ಫುಟ್‌ಬಾಲ್ ಆಟಗಾರ ಫ್ರಾಂಕ್ ಗೋರ್, ಆ ಆಟದ ಶ್ರೇಷ್ಠರಿಗೆ ಸಲ್ಲುವ ಗೌರವವಾದ ಹಾಲ್ ಆಫ್ ಫೇಮ್‌ಗೆ ಅರ್ಹರೇ ಎಂದು ಕೇಳಿದ್ದೀರಿ. ಅರ್ಹರೆಂದೇ ನನ್ನ ಅಭಿಪ್ರಾಯ. ಒಟ್ಟು 16,000 ಗಜ ಓಡಿರುವ ಅವರಿಗಿಂತ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಇತಿಹಾಸದಲ್ಲಿ ಮುಂದಿರುವವರು ಎಮಿಟ್ ಸ್ಮಿತ್ ಮತ್ತು ವಾಲ್ಟರ್ ಪೇಟನ್ ಇಬ್ಬರೇ. ಇದು ಬರಿಯ ದೀರ್ಘಾವಧಿಯ ಫಲವೆನ್ನುವವರು, ಕಾಲೇಜಿನಲ್ಲಿಯೇ ಎರಡೂ ಮೊಣಕಾಲುಗಳ ಅಸ್ಥಿರಜ್ಜು ಹರಿದುಕೊಂಡು, ಅದೇ ಕಾರಣಕ್ಕೆ 2005ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೂರನೆಯ ಸುತ್ತಿನವರೆಗೆ ಕಾಯಬೇಕಾಗಿ ಬಂದ ಆಟಗಾರನೊಬ್ಬ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳು ಮೂವತ್ತರ ವಯಸ್ಸಿಗೇ ಸವೆದುಹೋಗುವ ಲೀಗ್‌ನಲ್ಲಿ 16 ಋತು ಆಡಿ, ಅವುಗಳಲ್ಲಿ 9ರಲ್ಲಿ ಸಾವಿರ ಗಜ ದಾಟಿದ್ದನ್ನು ಮರೆಯುತ್ತಾರೆ. ಋತುವಿನ ಅತ್ಯುತ್ತಮ ಆಟಗಾರರನ್ನು ಹೆಸರಿಸುವ ಪ್ರಥಮ ಆಲ್-ಪ್ರೊ ತಂಡದಲ್ಲಿ ಅವರಿಗೆ ಎಂದೂ ಸ್ಥಾನ ಸಿಗಲಿಲ್ಲವೆಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಆದರೂ 2006ರಲ್ಲಿ ಪ್ರತಿ ಓಟಕ್ಕೆ ಸರಾಸರಿ 5.4 ಗಜದಂತೆ 1,695 ಗಜ ಓಡಿದವರನ್ನು ಸಾಧಾರಣ ಆಟಗಾರರೆನ್ನಲು (ಕೆಲವರು ಹಾಗೆನ್ನುವುದೂ ಉಂಟು) ನನಗಂತೂ ಸಾಧ್ಯವಿಲ್ಲ.